ದಾರ ಕಟ್ಟಿ ಹಿಡಿದ ಬೋಲ್ಟ್: ನನ್ನ ಅಲೈನ್‌ಮೆಂಟ್ ಅನುಭವ

ಹೋದ ವಾರ ನೇರ ರಸ್ತೆಯಲ್ಲಿ ಸ್ಟೀರಿಂಗ್ ಮೇಲಿನ ಹಿಡಿತ ಸಡಿಲ ಮಾಡಿ ನೋಡಿದೆ. ಕಾರು ಅತ್ತಿತ್ತ ಅಲುಗಲಿಲ್ಲ. ಏಳೆಂಟು ತಿಂಗಳಿಂದ ಇದಕ್ಕೇ ಕಾಯ್ತಿದ್ದೆ. "ದಾರ ಕಟ್ಟಿ ಅಲೈನ್‌ಮೆಂಟ್ ಮಾಡ್ತೀಯಾ? ಮತ್ತೆ ಮಿಷನ್ ಯಾಕಿದೆ?" ಅಂತ ಕೇಳಿದವರು ಬಹಳ ಜನ. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ. ಅಲೈನ್‌ಮೆಂಟ್ ಅಂದರೆ ಚಕ್ರಗಳು ನಿಲ್ಲುವ ಕೋನ ಹೊಂದಿಸೋದು.

ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಇರೋ ಕಾರು. ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ಹಾಕಿ ಸುಮಾರು 35 ಮಿ.ಮೀ. ಇಳಿಸಿದ್ದೆ. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್‌ಗೆ ಹೊಸ ರಬ್ಬರ್ ಬುಷ್. ಸ್ಟ್ರಟ್ ಬ್ರಾಕೆಟ್‌ನಲ್ಲಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಹೊಂದಿಸಲು ಉದ್ದನೆಯ ತೂತು ಕೊಟ್ಟಿದ್ದರು. ಎಲ್ಲ ಜೋಡಿಸಿ ಅಲೈನ್‌ಮೆಂಟ್‌ಗೆ ಕೊಟ್ಟೆ. ಕೈಗೆ ಬಂದ ಪ್ರಿಂಟ್‌ನಲ್ಲಿ ಎಲ್ಲ ಹಸಿರು, ಅಂದರೆ ಸರಿ. ಎರಡೇ ದಿನಕ್ಕೆ ಕಾರು ಎಡಕ್ಕೆ ಎಳೆಯಲು ಶುರು ಮಾಡಿತು.

ಮೊದಲ ತಪ್ಪು ನನ್ನದೇ. ಚಕ್ರ ನೇತಾಡುತ್ತಿರುವಾಗಲೇ ಆರ್ಮ್ ಬೋಲ್ಟ್ ಪೂರ್ತಿ ಬಿಗಿ ಮಾಡಿದ್ದೆ. ಹಾಗೆ ಮಾಡಿದರೆ ಕಾರು ಕೆಳಗಿಳಿದಾಗ ಬುಷ್ ತಿರುಚಿಕೊಂಡೇ ಕೂರುತ್ತದೆ. ಎತ್ತರ ಸರಿ ಸಿಗಲ್ಲ, ಬುಷ್ ಕೂಡ ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿಟ್ಟು ಆ ಬೋಲ್ಟ್ ಸಡಿಲಿಸಿದಾಗ 'ಟಕ್' ಅಂತ ಸದ್ದಾಗಿ ಮುಂಭಾಗ ಹತ್ತಿರ ಹತ್ತಿರ 8 ಮಿ.ಮೀ. ಇಳಿಯಿತು. ಎತ್ತರ ಬದಲಾದರೆ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೂಡ ಬದಲಾಗುತ್ತದೆ, ಗೊತ್ತಲ್ವಾ. ಮತ್ತೆ ಅಲೈನ್‌ಮೆಂಟ್, ಮತ್ತೆ ದುಡ್ಡು. ಎಳೆತ ಮಾತ್ರ ಹಾಗೇ ಇತ್ತು.

ಮುಂದಿನ ಎರಡು ಟೈರ್ ಅದಲು ಬದಲು ಮಾಡಿದೆ. ಎಳೆತ ಬಲಕ್ಕೆ ತಿರುಗಲಿಲ್ಲ. ಅಂದರೆ ಟೈರ್ ಕಾರಣವಲ್ಲ. ಟೈ ರಾಡ್ ಎಂಡ್ (ಸ್ಟೀರಿಂಗ್‌ನಿಂದ ಚಕ್ರ ತಿರುಗಿಸೋ ಸರಳಿನ ತುದಿಯ ಕೀಲು) ಎರಡೂ ಬದಲಿಸಿ ಮೂರನೇ ಸಲ ಅಲೈನ್‌ಮೆಂಟ್ ಮಾಡಿಸಿದೆ, ಅದೂ ದಂಡ. ಒಬ್ಬ ಮೆಕ್ಯಾನಿಕ್ ಸ್ಟೀರಿಂಗ್ ರ‍್ಯಾಕ್ ಹೋಗಿದೆ ಅಂದರು. ಆರ್ಡರ್ ಮಾಡೋದೊಂದು ಬಾಕಿ ಇತ್ತು. ಅಷ್ಟರಲ್ಲಿ ಬಲಗಡೆ ಟೈರಿನ ಒಳ ಅಂಚು ಬೋಳಾಗಿತ್ತು. ಅದರ ಮೇಲೆ ಅಂಗೈ ಸವರಿದರೆ ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸ. ಬರೀ ಕ್ಯಾಂಬರ್ ಜಾಸ್ತಿಯಾದರೆ ಹೀಗೆ ಸವೆಯಲ್ಲ, ಟೋ ಕೂಡ ಕೆಟ್ಟಿರಬೇಕು. ಮೂರು ಅಲೈನ್‌ಮೆಂಟ್, ಟೈ ರಾಡ್ ಎಂಡ್, ಆ ಟೈರ್ ಎಲ್ಲ ಲೆಕ್ಕ ಹಾಕಿದರೆ ಕಾಯಿಲ್‌ಓವರ್ ಸೆಟ್‌ನ ಅರ್ಧ ದುಡ್ಡು ಹೋಗಿತ್ತು.

ಆಗ ಹೊಳೆದದ್ದು ಇಷ್ಟೇ. ಮಿಷನ್ ಮೂರು ಸಲವೂ ನಿಜವನ್ನೇ ಹೇಳಿದೆ. ಅಲ್ಲಿಂದ ಹೊರಟ ಮೇಲೆ ಕಾರಿನಲ್ಲಿ ಏನೋ ಜರುಗುತ್ತಿದೆ. ಅದನ್ನು ಹಿಡಿಯಬೇಕಾದರೆ ಓಡಿಸುವ ಮುಂಚೆ ಒಮ್ಮೆ, ಓಡಿಸಿ ಬಂದ ಮೇಲೆ ಒಮ್ಮೆ ಅಳೆಯಬೇಕು. ಅದೂ ದಿನಾ. ಪ್ರತಿ ಸಲ ದುಡ್ಡು ಕೊಟ್ಟು ಅಳೆಸಲು ಆಗುತ್ತಾ?

ಮೀನಿನ ಗಾಳದ ದಾರ ತಂದೆ. ಎರಡು ಕಡೆಯೂ ಕಟ್ಟಿ, ಹಬ್ ಮಧ್ಯದಿಂದ ದೂರ ಅಳೆದು ಸಮಾಂತರ ಮಾಡಿಕೊಂಡೆ. ಟೈರ್ ಗೋಡೆಯಿಂದ ಅಳೆಯಬೇಡಿ. ಹಿಂದಿನ ಎರಡು ಚಕ್ರಗಳ ನಡುವಿನ ಅಂತರ, ಮುಂದಿನ ಎರಡರ ನಡುವಿನ ಅಂತರ ಒಂದೇ ಇರುತ್ತದೆ ಅಂತಲೂ ನಂಬಬೇಡಿ. ನನ್ನದರಲ್ಲಿ ಒಂದೊಂದು ಕಡೆ 4 ಮಿ.ಮೀ. ವ್ಯತ್ಯಾಸವಿತ್ತು. ಮುಂದಿನ ಚಕ್ರಗಳ ಕೆಳಗೆ ಎರಡೆರಡು ತಗಡು, ಚಕ್ರ ಸಲೀಸಾಗಿ ಜಾರಲಿ ಅಂತ ನಡುವೆ ಗ್ರೀಸ್. ಸೀಟಿನ ಮೇಲೆ ನನ್ನ ತೂಕದಷ್ಟು ಮರಳು ಚೀಲ. ದಾರ ಕಟ್ಟಿದ ಕಂಬಿಯನ್ನು ಬಂಪರ್‌ಗೆ ಅಲುಗದ ಹಾಗೆ ಕೂರಿಸೋ ರೀತಿ ನಾನೇ ಕಂಡುಕೊಂಡದ್ದು, ಅದೊಂದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ದಾರದಿಂದ ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರೋ ದೂರದ ವ್ಯತ್ಯಾಸವೇ ಆ ಚಕ್ರದ ಟೋ. 15 ಇಂಚಿನ ರಿಮ್ ಅಂಚಿನಲ್ಲಿ 1 ಮಿ.ಮೀ. ಅಂದರೆ ಸುಮಾರು 0.14 ಡಿಗ್ರಿ. ಟೈ ರಾಡ್ ಕಾಲು ಸುತ್ತು ತಿರುಗಿಸಿದರೆ ನನ್ನ ಕಾರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಬದಲಾಗುತ್ತದೆ.

ಅಳೆದು, 40 ಕಿ.ಮೀ. ಓಡಿಸಿ, ಬಂದು ಮತ್ತೆ ಅಳೆದೆ. ಎಡಗಡೆ ಇದ್ದ ಹಾಗೇ ಇತ್ತು. ಬಲಗಡೆ ಕ್ಯಾಂಬರ್ ಮೈನಸ್ 1.3ರಿಂದ ಮೈನಸ್ 2.1 ಡಿಗ್ರಿಗೆ ಹೋಗಿತ್ತು (ಮೈನಸ್ ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದೆ ಅಂತ). ಟೋ 2 ಮಿ.ಮೀ. ಕದಲಿತ್ತು. ಬಲ ಚಕ್ರ ಅಷ್ಟು ಒಳಕ್ಕೆ ವಾಲಿದರೆ ಕಾರು ಎಡಕ್ಕೆ ಎಳೆಯದೆ ಇನ್ನೇನು ಮಾಡೀತು!

ಸ್ಟ್ರಟ್ ಬ್ರಾಕೆಟ್ ಮತ್ತು ನಕಲ್ (ಚಕ್ರದ ಹಬ್ ಹೊತ್ತಿರುವ ಭಾಗ) ಸೇರುವ ಜಾಗದಲ್ಲಿ ಬಿಳಿ ಪೇಂಟ್‌ನಿಂದ ಅಡ್ಡ ಗೆರೆ ಎಳೆದೆ. ಮತ್ತೆ ಒಂದು ಸುತ್ತು ಓಡಿಸಿ ಬಂದೆ. ಟಾರ್ಚ್ ಹಿಡಿದು ನೋಡಿದರೆ ಗೆರೆ ಎರಡು ತುಂಡು. ನಡುವೆ ಉಗುರಿನ ದಪ್ಪದಷ್ಟು ಅಂತರ. ಬೋಲ್ಟ್ ಬಿಚ್ಚಿದೆ. ಬ್ರಾಕೆಟ್ ಮೇಲೆ ದಪ್ಪ ಪೇಂಟ್, ನಟ್ ಕೂತ ಜಾಗದಲ್ಲಿ ಅದು ಜಜ್ಜಿ ಹೋಗಿತ್ತು. ಪೇಂಟ್ ಅಮುಕಿ ಹೋದಷ್ಟೂ ಬಿಗಿ ಸಡಿಲವಾಗುತ್ತದೆ. ಉದ್ದ ತೂತಿನಲ್ಲಿ ಬೋಲ್ಟ್‌ಗೆ ಜಾರಲು ದಾರಿ ಸಿಕ್ಕಿತು. ಸಾಲದ್ದಕ್ಕೆ ಹಳೆ ಬೋಲ್ಟನ್ನೇ ವಾಪಸ್ ಹಾಕಿದ್ದೆ.

ಸೇರುವ ಮುಖಗಳಲ್ಲಿ ಮಾತ್ರ ಪೇಂಟ್ ಉಜ್ಜಿ ತೆಗೆದೆ. ಹೊಸ ಬೋಲ್ಟ್, ಹೊಸ ನಟ್ ಹಾಕಿ, ಮ್ಯಾನ್ಯುಯಲ್ ಹೇಳಿದ ಬಿಗಿಗೆ ಟಾರ್ಕ್ ವ್ರೆಂಚ್. ಎರಡು ಕಡೆಯ ಕಾಲರ್ (ಸ್ಪ್ರಿಂಗ್ ಕೂರುವ ಎತ್ತರ ಹೊಂದಿಸೋ ಬಳೆ) ಎತ್ತರ ಸಮ ಮಾಡಿ, ಮೊದಲು ಕ್ಯಾಂಬರ್, ಕೊನೆಗೆ ಟೋ. ಟೈ ರಾಡ್‌ನ ಲಾಕ್ ನಟ್ ಬಿಗಿ ಮಾಡುವಾಗ ಟೋ ಕದಲುವ ಕಾಟ ಎಲ್ಲರಿಗೂ ಇದ್ದದ್ದೇ. ಅದಕ್ಕೂ ನನ್ನ ಹತ್ತಿರ ಒಂದು ಉಪಾಯ ಇದೆ, ಇನ್ನೊಂದು ದಿನ ಹೇಳುತ್ತೇನೆ.

ಬಿಚ್ಚಿದ್ದೇ ಬಿಚ್ಚಿದೆ ಅಂತ ಸ್ಪ್ರಿಂಗ್ ತೆಗೆದು ಬಂಪ್ ಸ್ಟಿಯರ್ (ಚಕ್ರ ಮೇಲೆ ಕೆಳಗೆ ಆಡುವಾಗ ಟೋ ಬದಲಾಗೋದು) ಕೂಡ ನೋಡಿದೆ. ಹಬ್ ಕೆಳಗೆ ಜಾಕ್ ಇಟ್ಟು 10 ಮಿ.ಮೀ. ಲೆಕ್ಕದಲ್ಲಿ ಎತ್ತುತ್ತಾ ಹೋದೆ. 60 ಮಿ.ಮೀ. ಏರಿಳಿತಕ್ಕೆ ಟೋ ಸುಮಾರು 3 ಮಿ.ಮೀ. ಬದಲಾಯಿತು, ಅದೂ ಜಾಸ್ತಿ ತುದಿಯಲ್ಲಿ. ಟೈ ರಾಡ್ ಎಂಡ್ ಕೆಳಗಿಳಿಸೋ ಕಿಟ್ ತಗೊಳ್ಳೋಣ ಅಂದುಕೊಂಡಿದ್ದೆ, ಬಿಟ್ಟೆ. ಆ ದುಡ್ಡು ಹೊಸ ಟೈರ್‌ಗೆ ಆಯಿತು.

ಈಗ ಕ್ಯಾಂಬರ್ ಎಡ ಮೈನಸ್ 1.3, ಬಲ ಮೈನಸ್ 1.4. ಟೋ ಒಟ್ಟು 1 ಮಿ.ಮೀ. ಒಳಕ್ಕೆ. ಸುಮಾರು 3,000 ಕಿ.ಮೀ. ಆಯಿತು. ನಿನ್ನೆ ಮತ್ತೆ ದಾರ ಕಟ್ಟಿ ನೋಡಿದೆ, ಅಂಕಿ ಅವೇ. ಬಿಳಿ ಗೆರೆ ಈಗಲೂ ಒಂದೇ ತುಂಡು.