ಕಿಟ್ ಕಪಾಟಿನಲ್ಲೇ ಉಳಿಯದಿರಲಿ: ಕರುಳಿನ ಕ್ಯಾನ್ಸರ್ ತಪಾಸಣೆಗೆ ಜನರನ್ನು ಕರೆತರುವುದು ಹೇಗೆ?

ಕರುಳಿನ ಕ್ಯಾನ್ಸರ್ ಕುರಿತ ಜಾಗೃತಿ ಸಭೆಗಳಲ್ಲಿ ಬಹುಮಟ್ಟಿಗೆ ಒಂದೇ ಕಥೆ. ವೈದ್ಯರು ಮುಕ್ಕಾಲು ಗಂಟೆ ಮಾತನಾಡುತ್ತಾರೆ, ಪರದೆಯ ಮೇಲೆ ಎದೆ ನಡುಗಿಸುವ ಚಿತ್ರಗಳು ಮೂಡುತ್ತವೆ, ಸಭಿಕರು ತಲೆಯಾಡಿಸಿ ಕರಪತ್ರವನ್ನು ಚೀಲಕ್ಕೆ ಸೇರಿಸುತ್ತಾರೆ, ಕೆಲವರು ಮಲ ಪರೀಕ್ಷೆಯ ಕಿಟ್ ಕೂಡ ಒಯ್ಯುತ್ತಾರೆ. ಆರು ತಿಂಗಳ ಅನಂತರ ವಿಚಾರಿಸಿದರೆ ಆ ಕಿಟ್ ಕಪಾಟಿನಲ್ಲಿ, ಹಳೆಯ ಔಷಧ ಚೀಟಿಗಳ ಕೆಳಗೆ, ಒಡೆಯದ ಲಕೋಟೆಯಲ್ಲೇ ಇರುತ್ತದೆ. ಜನರಿಗೆ ತಿಳಿವಳಿಕೆ ಸಾಲದೆಂದು ಸಂಘಟಕರು ತೀರ್ಮಾನಿಸಿ ಮತ್ತೊಂದು ಭಾಷಣ ಏರ್ಪಡಿಸುತ್ತಾರೆ. ನನ್ನ ಪ್ರಕಾರ ಆ ಮುಕ್ಕಾಲು ಗಂಟೆಯಲ್ಲಿ ಭಾಷಣಕ್ಕೆ ಹತ್ತು ನಿಮಿಷ ಧಾರಾಳ. ಉಳಿದ ಸಮಯವನ್ನು ಮಾದರಿ ತೆಗೆಯುವ ವಿಧಾನವನ್ನು ಕೈಯಾರೆ ಮಾಡಿ ತೋರಿಸುವುದಕ್ಕೂ, ಫಲಿತಾಂಶ ಬಂದ ಮೇಲೆ ಏನು ಮಾಡಬೇಕೆಂದು ವಿವರಿಸುವುದಕ್ಕೂ ಮೀಸಲಿಡಬೇಕು. ಜನರು ಹಿಂದೆ ಸರಿಯುವುದು ಈ ಎರಡು ಕಡೆಗಳಲ್ಲೇ.

ಈ ಶ್ರಮ ಏಕೆ ಎಂದು ಕೇಳುವವರಿಗೆ ಉತ್ತರ ಚಿಕ್ಕದು. 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದು ವರ್ಷದಲ್ಲೇ 19 ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು ಮತ್ತು ಸುಮಾರು 9 ಲಕ್ಷ ಜನರು ಇದರಿಂದ ಸತ್ತರು. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ರಾತ್ರೋರಾತ್ರಿ ಬರುವುದಿಲ್ಲ. ಅದು ಬಹುಪಾಲು ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತದೆ; ಗಂಟು ಕ್ಯಾನ್ಸರ್ ಆಗಿ ಬದಲಾಗಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಈ ನಡುವೆ ಗಂಟಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಆಗಾಗ ಒಸರುತ್ತಿರುತ್ತದೆ. ಮಲದಲ್ಲಿ ಆ ರಕ್ತವನ್ನು ಹುಡುಕಿ, ಸಿಕ್ಕವರಿಗೆ ಕೊಲೊನೊಸ್ಕೋಪಿ (ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಬಾಗುವ ನಳಿಕೆ ತೂರಿಸಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿ, ಗಂಟನ್ನು ಅಲ್ಲೇ ಕತ್ತರಿಸಿ ತೆಗೆಯುವುದೇ ತಪಾಸಣೆಯ ತಿರುಳು. ಅಮೆರಿಕದ ಮಿನೆಸೋಟದಲ್ಲಿ ಸುಮಾರು 46 ಸಾವಿರ ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೊಮ್ಮೆ ಮಲ ಪರೀಕ್ಷೆಗೆ ಒಳಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದಾಗುವ ಸಾವು 33 ಶೇಕಡ ಕಡಿಮೆಯಾಗಿತ್ತು.

ಮೊದಲ ಹಂತ: ಪಟ್ಟಿ ಮಾಡಿ

ಎಲ್ಲರನ್ನೂ ಕರೆಯಬೇಡಿ. ತಪಾಸಣೆಯ ವಯಸ್ಸು ದೇಶದಿಂದ ದೇಶಕ್ಕೆ ತುಸು ಬದಲಾಗುತ್ತದೆ: ಇಂಗ್ಲೆಂಡಿನಲ್ಲಿ 50ರಿಂದ 74, ನೆದರ್ಲೆಂಡ್ಸ್‌ನಲ್ಲಿ 55ರಿಂದ 75, ಅಮೆರಿಕದಲ್ಲಿ 2021ರಿಂದ 45ರಿಂದ 75. ನಿಮ್ಮಲ್ಲಿ ಯಾವ ನಿಯಮವಿದೆಯೋ ಅದನ್ನೇ ಅನುಸರಿಸಿ, ಆ ವಯಸ್ಸಿನವರ ಹೆಸರುಗಳನ್ನು ಬರೆದುಕೊಳ್ಳಿ. ಅದರಲ್ಲಿ ಎರಡು ಬಗೆಯವರನ್ನು ಬೇರೆ ಮಾಡಬೇಕು. ಮಲದಲ್ಲಿ ಕಣ್ಣಿಗೆ ಕಾಣುವ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಕ್ರಮ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ ಅಥವಾ ರಕ್ತಹೀನತೆ ಇರುವವರು ತಪಾಸಣೆಯ ಸರದಿಗೆ ಕಾಯದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು, ಏಕೆಂದರೆ ತಪಾಸಣೆ ಇರುವುದು ಯಾವ ತೊಂದರೆಯೂ ಇಲ್ಲದವರಿಗಾಗಿ. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಅಂಥವರು ಇನ್ನೂ ಚಿಕ್ಕ ವಯಸ್ಸಿನಲ್ಲೇ, ಅನೇಕ ಸಲ ನೇರವಾಗಿ ಕೊಲೊನೊಸ್ಕೋಪಿಯನ್ನೇ ಮಾಡಿಸಬೇಕಾಗಬಹುದು. ಅವರಿಗೂ ಕಿಟ್ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ.

ಎರಡನೆಯ ಹಂತ: ಮಾತು

ಹೆದರಿಸಬೇಡಿ. ಹೆದರಿದವರು ಪರೀಕ್ಷೆಗೆ ಬರುವುದಕ್ಕಿಂತ ಆ ವಿಷಯವನ್ನೇ ಮರೆಯಲು ಯತ್ನಿಸುವುದು ಹೆಚ್ಚು. "ಕ್ಯಾನ್ಸರ್ ಇದೆಯೋ ಇಲ್ಲವೋ ನೋಡೋಣ" ಎನ್ನುವುದಕ್ಕಿಂತ "ಗಂಟಿದ್ದರೆ ಕ್ಯಾನ್ಸರ್ ಆಗುವ ಮೊದಲೇ ತೆಗೆಸಿಬಿಡೋಣ" ಎಂದರೆ ಕೇಳುವವರ ಮುಖದ ಬಿಗುವು ಸಡಿಲವಾಗುತ್ತದೆ. ಮಲ ಎಂಬ ಪದವನ್ನು ಸಂಕೋಚವಿಲ್ಲದೆ ಬಳಸಿ. "ಆ ಪರೀಕ್ಷೆ", "ಅದು" ಎಂದು ನೀವೇ ತಡವರಿಸಿದರೆ ಎದುರಿನವರ ನಾಚಿಕೆ ಇಮ್ಮಡಿಯಾಗುತ್ತದೆ. ಹೇಳುವವರು ಅದೇ ವಯಸ್ಸಿನ, ಈಗಾಗಲೇ ಪರೀಕ್ಷೆ ಮಾಡಿಸಿಕೊಂಡ ಪರಿಚಿತರಾಗಿದ್ದರೆ ಉತ್ತಮ. ಅಮೆರಿಕದ ದೂರದರ್ಶನ ನಿರೂಪಕಿ ಕೇಟಿ ಕೌರಿಕ್, ಪತಿಯನ್ನು ಈ ಕಾಯಿಲೆಯಿಂದ ಕಳೆದುಕೊಂಡ ಮೇಲೆ, 2000ದಲ್ಲಿ ತಮ್ಮ ಕೊಲೊನೊಸ್ಕೋಪಿಯನ್ನೇ ಪರದೆಯ ಮೇಲೆ ತೋರಿಸಿದಾಗ ಅಲ್ಲಿ ಪರೀಕ್ಷೆ ಮಾಡಿಸುವವರ ಸಂಖ್ಯೆ ಗಮನಾರ್ಹವಾಗಿ ಏರಿತ್ತು. ಪಕ್ಕದ ಮನೆಯ ಹಿರಿಯರು "ನಾನೂ ಮಲ ಪರೀಕ್ಷೆ ಮಾಡಿಸಿದೆನಮ್ಮ, ಎರಡು ನಿಮಿಷದ ಕೆಲಸ" ಎಂದರೂ ಸಾಕು.

"ನನಗೇನೂ ಆಗಿಲ್ಲವಲ್ಲ" ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ವಾದ ಹೂಡಬೇಕಿಲ್ಲ. ಏನೂ ಆಗದಿರುವಾಗಲೇ ಮಾಡಿಸಬೇಕಾದ ಪರೀಕ್ಷೆ ಇದು ಎಂದು ಹೇಳಿ ಕಿಟ್ ಕೈಗಿಡಿ. ಬೇರಾವುದೋ ಲಸಿಕೆಗೋ ರಕ್ತದೊತ್ತಡದ ತಪಾಸಣೆಗೋ ಬಂದವರಿಗೆ ಅಲ್ಲೇ ಕಿಟ್ ಕೊಡುವುದು ಪ್ರತ್ಯೇಕ ಶಿಬಿರಕ್ಕಿಂತ ಸುಲಭ. ಫ್ಲೂ ಲಸಿಕೆಯ ಜೊತೆಗೆ ಕಿಟ್ ಕೊಡುವ ಪದ್ಧತಿ ಅಮೆರಿಕದಲ್ಲಿ ಚೆನ್ನಾಗಿ ಫಲ ನೀಡಿದೆ.

ಮೂರನೆಯ ಹಂತ: ಮಾದರಿ ತೆಗೆಯುವುದು

ಇಲ್ಲಿ ಅವಸರ ಬೇಡ. ಸಭೆಯಲ್ಲಿ ಒಂದು ಕಿಟ್ ಒಡೆದು, ಒದ್ದೆ ಜೇಡಿಮಣ್ಣಿನ ಮೇಲೆ ಎಲ್ಲವನ್ನೂ ಮಾಡಿ ತೋರಿಸಿ, ಆಮೇಲೆ ಅವರ ಕೈಯಿಂದಲೂ ಮಾಡಿಸಿ.

ಈಗ ಬಳಕೆಯಲ್ಲಿರುವುದು ಹೆಚ್ಚಾಗಿ ಫಿಟ್ ಎಂಬ ಪರೀಕ್ಷೆ. ಹಳೆಯ ಗ್ವಾಯಾಕ್ ಪರೀಕ್ಷೆಯಲ್ಲಿ ಬೇರೆ ಬೇರೆ ದಿನಗಳ ಮೂರು ಮಲಗಳಿಂದ ಮಾದರಿ ಬೇಕಿತ್ತು, ಆಹಾರಪಥ್ಯವನ್ನೂ ಸಾಮಾನ್ಯವಾಗಿ ಹೇಳುತ್ತಿದ್ದರು. ಫಿಟ್ ಮನುಷ್ಯನ ರಕ್ತದ ಹಿಮೋಗ್ಲೋಬಿನ್‌ನ ಗ್ಲೋಬಿನ್ ಭಾಗವನ್ನು ಮಾತ್ರ ಪ್ರತಿಕಾಯಗಳ ಮೂಲಕ ಗುರುತಿಸುವುದರಿಂದ ತಿಂದ ಮಾಂಸವಾಗಲೀ ತರಕಾರಿಯಾಗಲೀ ಅಡ್ಡಿಯಾಗುವುದಿಲ್ಲ, ಸಾಮಾನ್ಯವಾಗಿ ಒಂದೇ ಮಾದರಿ ಸಾಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಈ ಪರೀಕ್ಷೆಗಾಗಿ ತಾವಾಗಿಯೇ ನಿಲ್ಲಿಸುವವರಿದ್ದಾರೆ. ಅದು ಅಪಾಯಕರ, ಹಾಗೆ ಮಾಡಬಾರದೆಂದು ಒತ್ತಿ ಹೇಳಿ. ಮುಟ್ಟಿನ ದಿನಗಳಲ್ಲಿ, ಮೂಲವ್ಯಾಧಿಯಿಂದ ರಕ್ತ ಬರುತ್ತಿರುವಾಗ ಅಥವಾ ಮೂತ್ರದಲ್ಲಿ ರಕ್ತವಿರುವಾಗ ಮಾದರಿ ತೆಗೆಯಬಾರದು.

ಮೊದಲು ಸೀಸೆಯ ಮೇಲಿನ ಬಳಕೆಯ ಅವಧಿ ಮುಗಿದಿಲ್ಲವೆಂದು ನೋಡಿ, ಹೆಸರು ಮತ್ತು ದಿನಾಂಕ ಬರೆಯಬೇಕು. ಮಾದರಿ ತೆಗೆದ ಮೇಲೆ ಬರೆದರಾಯಿತು ಎಂದುಕೊಂಡವರು ಮರೆಯುತ್ತಾರೆ, ದಿನಾಂಕವಿಲ್ಲದ ಸೀಸೆಯನ್ನು ಪ್ರಯೋಗಾಲಯ ಪರೀಕ್ಷಿಸದೆಯೇ ಬಿಡಬಹುದು. ಅನಂತರ ಮೂತ್ರ ವಿಸರ್ಜಿಸಿ ಮುಗಿಸಬೇಕು, ಏಕೆಂದರೆ ಮಲಕ್ಕೆ ಮೂತ್ರ ಬೆರೆಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಇದರ ಮುಂದಿನ ಹೆಜ್ಜೆ: ಮಲ ನೀರಿಗೆ ಬಿದ್ದರೆ ಅದರ ಮೇಲ್ಮೈಯ ರಕ್ತ ತೊಳೆದುಹೋಗುತ್ತದೆ. ಆದ್ದರಿಂದ ಕುಳಿತುಕೊಳ್ಳುವ ಕಮೋಡ್ ಆದರೆ ನೀರಿನ ಮೇಲೆ ದಪ್ಪ ಕಾಗದದ ಮಡಿಕೆಗಳನ್ನು ಹಾಸಬೇಕು ಅಥವಾ ಸೀಟಿನ ಕೆಳಗೆ ಅಗಲವಾದ ಒಣ ಡಬ್ಬಿ ಹಿಡಿಯಬೇಕು. ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯವಾದರೆ ಹಿಂಬದಿಯ ಒಣ ಭಾಗದಲ್ಲಿ ಕಾಗದ ಹಾಸಿಕೊಂಡರಾಯಿತು. ನನಗಂತೂ ಬಿಸಾಡಬಹುದಾದ ಅಗಲ ಬಾಯಿಯ ಡಬ್ಬಿಯೇ ಮೇಲೆನಿಸುತ್ತದೆ; ಕಾಗದ ನೆನೆದು ಕುಸಿದರೆ ಮರುದಿನದವರೆಗೆ ಕಾಯಬೇಕಾಗುತ್ತದೆ.

ಸೀಸೆಯ ಮುಚ್ಚಳವನ್ನು ತಿರುಗಿಸಿ ಎಳೆದರೆ ಅದಕ್ಕೇ ಅಂಟಿದ ಸಣ್ಣ ಕಡ್ಡಿ ಹೊರಬರುತ್ತದೆ. ಅದರ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಗೀರುಗಳಿರುತ್ತವೆ, ತುಂಬಬೇಕಾದದ್ದು ಅವು ಮಾತ್ರ. ಮಲವನ್ನು ಒಂದೇ ಕಡೆ ಚುಚ್ಚಿ ತೆಗೆಯಬಾರದು; ಕಡ್ಡಿಯನ್ನು ಮೇಲ್ಮೈಯ ನಾಲ್ಕೈದು ಕಡೆ ಎಳೆದು ಗೀರುಗಳಿಗೆ ತೆಳುವಾಗಿ ಹತ್ತಿಸಬೇಕು, ಏಕೆಂದರೆ ರಕ್ತ ಮಲದಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. "ಜಾಸ್ತಿ ಕಳಿಸಿದರೆ ಪರೀಕ್ಷೆ ಚೆನ್ನಾಗಿ ಆಗುತ್ತದೆ" ಎಂದು ಕಡ್ಡಿಯ ಮೇಲೆ ಉಂಡೆ ಕಟ್ಟುವವರಿದ್ದಾರೆ. ಆ ಉಂಡೆ ಸೀಸೆಯ ಕತ್ತಿನಲ್ಲಿ ಸಿಕ್ಕಿಕೊಂಡು ದ್ರವವನ್ನು ಹೊರಚೆಲ್ಲುತ್ತದೆ ಮತ್ತು ಅಳತೆ ಕೆಡುತ್ತದೆ. ಕಡ್ಡಿಯನ್ನು ಒಳಗಿಟ್ಟು 'ಟಿಕ್' ಎಂದು ಸದ್ದಾಗುವವರೆಗೆ ಒತ್ತಿದ ಮೇಲೆ ಮತ್ತೆ ತೆರೆಯಬಾರದು, ಒಳಗಿನ ದ್ರವವನ್ನು ಚೆಲ್ಲಲೂಬಾರದು. ಹಿಮೋಗ್ಲೋಬಿನ್ ಹಾಳಾಗದಂತೆ ಕಾಯುವುದು ಆ ದ್ರವವೇ.

ಮಾರುಕಟ್ಟೆಯಲ್ಲಿ ಎರಡು ಗೆರೆ ಮೂಡಿಸುವ ತ್ವರಿತ ಪಟ್ಟಿಗಳೂ ಸಿಗುತ್ತವೆ. ತಯಾರಕರ ಹೆಸರು, ಅವಧಿ, ಎಷ್ಟು ರಕ್ತವಿದ್ದರೆ ಗೆರೆ ಮೂಡುತ್ತದೆ ಎಂಬ ವಿವರಗಳಿಲ್ಲದವನ್ನು ಮುಟ್ಟಲೇಬೇಡಿ. ಕರುಳು ಶುದ್ಧಿಯ ಪುಡಿಗಳಿಂದ ಕ್ಯಾನ್ಸರ್ ತಡೆಯಬಹುದೆಂಬ ಜಾಹೀರಾತುಗಳಿಗೆ ಆಧಾರವಿಲ್ಲ. ರಕ್ತದಲ್ಲಿನ ಸಿಇಎ ಎಂಬ ಪ್ರೋಟೀನ್ ಅಂಶವನ್ನು ಅಳೆಯುವ ಪರೀಕ್ಷೆಯನ್ನು ತಪಾಸಣೆಯ ಹೆಸರಿನಲ್ಲಿ ಪ್ಯಾಕೇಜುಗಳಿಗೆ ಸೇರಿಸುವುದೂ ಸರಿಯಲ್ಲ. ಅದರ ಉಪಯೋಗ ಮುಖ್ಯವಾಗಿ ಈಗಾಗಲೇ ಕ್ಯಾನ್ಸರ್ ಇರುವವರ ಚಿಕಿತ್ಸೆಯ ನಿಗಾಕ್ಕೆ.

ನಾಲ್ಕನೆಯ ಹಂತ: ಹಿಂತಿರುಗಿಸುವುದು

ಅದೇ ದಿನ ಅಥವಾ ಮರುದಿನ ತಲುಪಿಸಿ. ಸೀಸೆ ಬಿಸಿಲಿನಲ್ಲಿ, ನಿಲ್ಲಿಸಿದ ವಾಹನದೊಳಗೆ ಉಳಿದರೆ ಹಿಮೋಗ್ಲೋಬಿನ್ ಕೆಟ್ಟು, ಇದ್ದ ರಕ್ತವೂ ಇಲ್ಲವೆಂದು ಬರಬಹುದು. ಕಿಟ್ ಕೊಟ್ಟ ಎರಡು ವಾರದೊಳಗೆ ಒಂದು ಫೋನ್ ಕರೆ ಮಾಡಿ. ಒಂದೇ ಒಂದು ನೆನಪಿಗೆ ಮರಳುವ ಕಿಟ್‌ಗಳು ಅನೇಕ. ಮಾದರಿಗಳನ್ನು ಸಭಾಂಗಣದ ಮೇಜಿನ ಮೇಲೆ ಸಾಲಾಗಿ ಜೋಡಿಸುವ, ಫಲಿತಾಂಶವನ್ನು ಗುಂಪಿನಲ್ಲಿ ಹಂಚಿಕೊಳ್ಳುವ ಸ್ವಯಂಸೇವಕರನ್ನು ಮಾತ್ರ ಈ ಕೆಲಸದಿಂದ ದೂರವಿಡಿ.

ಐದನೆಯ ಹಂತ: ರಕ್ತ ಕಂಡುಬಂದರೆ

ರಕ್ತವಿದೆ ಎಂದು ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಗಂಟು, ಮೂಲವ್ಯಾಧಿ ಅಥವಾ ಉರಿಯೂತ ಇರಬಹುದು. ಈ ಮಾತನ್ನು ಕಿಟ್ ಕೊಡುವಾಗಲೇ ಹೇಳಿರಬೇಕು, ಫಲಿತಾಂಶ ಬಂದ ಮೇಲೆ ಹೇಳಿದರೆ ಸಮಾಧಾನದ ಮಾತಿನಂತೆ ಕೇಳಿಸುತ್ತದೆ. ಇಲ್ಲಿ ಎಲ್ಲರೂ ಹಿಡಿಯುವ ಅಡ್ಡದಾರಿ ಎಂದರೆ ಮತ್ತೊಮ್ಮೆ ಮಲ ಪರೀಕ್ಷೆ ಮಾಡಿಸುವುದು. ಗಂಟಿನಿಂದ ರಕ್ತ ನಿತ್ಯವೂ ಒಸರುವುದಿಲ್ಲವಾದ್ದರಿಂದ ಎರಡನೆಯ ಸಲ ರಕ್ತವಿಲ್ಲವೆಂದು ಬಂದರೆ ಅದರಿಂದ ಮೊದಲನೆಯದು ರದ್ದಾಗುವುದಿಲ್ಲ. "ಅದು ಪೈಲ್ಸ್ ಇರಬೇಕು" ಎಂದು ತಾವೇ ತೀರ್ಪು ಕೊಟ್ಟುಕೊಳ್ಳುವುದು ಎರಡನೆಯ ಅಡ್ಡದಾರಿ. ಪೈಲ್ಸ್ ಇರುವವರಿಗೂ ಕರುಳಿನಲ್ಲಿ ಗಂಟಿರಬಹುದು. ಮುಂದಿನ ಪರೀಕ್ಷೆ ಕೊಲೊನೊಸ್ಕೋಪಿಯೇ. ಅದು ಹತ್ತು ತಿಂಗಳಿಗಿಂತ ತಡವಾದವರಲ್ಲಿ ಕ್ಯಾನ್ಸರ್ ಮುಂದುವರಿದ ಹಂತದಲ್ಲಿ ಸಿಗುವ ಸಾಧ್ಯತೆ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ದಿನ ಗೊತ್ತುಪಡಿಸಿಕೊಳ್ಳುವವರೆಗೆ ಸಂಘಟಕರು ಅವರ ಬೆನ್ನು ಬಿಡಬಾರದು.

ಪರೀಕ್ಷೆಗೆ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸು ಹಿಡಿಯುತ್ತದೆ, ಮಂಪರಿನ ಔಷಧ ಕೊಡುವ ಕಡೆ ನೋವು ಹೆಚ್ಚಾಗಿ ನೆನಪಿಗೂ ಉಳಿಯುವುದಿಲ್ಲ. ಬಳಲಿಕೆ ತರುವುದು ಹಿಂದಿನ ದಿನದ ಕರುಳು ಖಾಲಿ ಮಾಡುವ ಕೆಲಸ, ಕೆಡುವುದೂ ಅಲ್ಲೇ. ವೈದ್ಯರು ಹೇಳಿದಂತೆ ಮೊದಲೇ ನಾರಿನಂಶದ ಆಹಾರ ಬಿಟ್ಟು, ಆಮೇಲೆ ತಿಳಿ ದ್ರವಗಳಿಗೆ ಇಳಿಯಬೇಕು. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ಭೇದಿಯ ದ್ರಾವಣವನ್ನು ಎರಡು ಪಾಲು ಮಾಡಿ, ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಆರಂಭಿಸುವುದು ಒಂದೇ ಸಲಕ್ಕೆ ಕುಡಿಯುವುದಕ್ಕಿಂತ ಒಳ್ಳೆಯದು. ತಂಪು ಮಾಡಿ ನಳಿಕೆಯಲ್ಲಿ ಹೀರಿದರೆ ಉಪ್ಪುಪ್ಪು ರುಚಿ ಕಡಿಮೆ ಎನಿಸುತ್ತದೆ. ಕೊನೆಗೆ ಬರುವುದು ತಿಳಿ ಹಳದಿ ನೀರಿನಂತಿರಬೇಕು; ಕಂದು, ಕದಡಿದ ನೀರು ಬರುತ್ತಿದ್ದರೆ "ಇಷ್ಟು ಸಾಕು" ಎಂದುಕೊಳ್ಳದೆ ಆಸ್ಪತ್ರೆಗೆ ಫೋನ್ ಮಾಡಬೇಕು, ಏಕೆಂದರೆ ಉಳಿದ ಮಲದ ಹಿಂದೆ ಸಣ್ಣ ಗಂಟು ಅಡಗಬಹುದು. ಮಧುಮೇಹ, ರಕ್ತ ತೆಳುವಾಗಿಸುವ ಹಾಗೂ ಕಬ್ಬಿಣದ ಮಾತ್ರೆಗಳ ವಿಷಯವನ್ನು ಒಂದು ವಾರ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಮಂಪರು ಪಡೆದವರು ಆ ದಿನ ವಾಹನ ಓಡಿಸುವಂತಿಲ್ಲ. ಜೊತೆಗೆ ಬರುವವರು ಯಾರೆಂದು ಮೊದಲೇ ಗೊತ್ತುಮಾಡಿ, ಯಾರೂ ಇಲ್ಲದವರಿಗೆ ನಿಮ್ಮಲ್ಲೊಬ್ಬರು ಹೋಗಿ. ಅಪಾಯವೇ ಇಲ್ಲವೆಂದು ಹೇಳಬೇಡಿ: ಕರುಳಿಗೆ ತೂತಾಗುವುದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ, ಆದರೂ ಇದೆ. ಕೇಳಿದವರಿಗೆ ಅದನ್ನು ಮುಚ್ಚಿಟ್ಟರೆ ಆಮೇಲೆ ನಿಮ್ಮ ಬೇರೆ ಮಾತನ್ನೂ ಅವರು ನಂಬಲಾರರು.

ಆರನೆಯ ಹಂತ: ಮತ್ತೆ ಮುಂದಿನ ಸಲ

ರಕ್ತವಿಲ್ಲವೆಂದು ಬಂದವರಿಗೆ ಅದೇ ದಿನ ಮುಂದಿನ ದಿನಾಂಕ ಬರೆದುಕೊಡಿ. ಫಿಟ್ ಒಂದು ಸುತ್ತಿನಲ್ಲಿ ಎಲ್ಲ ಕ್ಯಾನ್ಸರನ್ನೂ ಹಿಡಿಯುವುದಿಲ್ಲ, ಒಸರದ ಗಂಟುಗಳನ್ನಂತೂ ಬಿಟ್ಟುಬಿಡುತ್ತದೆ; ನಿಮ್ಮಲ್ಲಿನ ನಿಯಮದಂತೆ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಮಾಡಿಸಿದರೆ ಮಾತ್ರ ಅದರ ಪ್ರಯೋಜನ. ಈ ನಡುವೆ ರಕ್ತ ಕಂಡರೆ ಆ ದಿನಾಂಕಕ್ಕೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕೆಂದೂ ಅದೇ ಚೀಟಿಯಲ್ಲಿ ಬರೆಯಿರಿ. ಚೆನ್ನಾಗಿ ತಯಾರಾಗಿ ಪೂರ್ಣ ಕೊಲೊನೊಸ್ಕೋಪಿ ಮಾಡಿಸಿ ಏನೂ ಸಿಗದಿದ್ದವರನ್ನು, ಕುಟುಂಬದಲ್ಲಿ ಕಾಯಿಲೆ ಇಲ್ಲವಾದರೆ, ಸಾಮಾನ್ಯವಾಗಿ ಹತ್ತು ವರ್ಷ ಪಟ್ಟಿಯಿಂದ ಬಿಡಬಹುದು. ಗಂಟು ತೆಗೆಸಿಕೊಂಡವರ ಮುಂದಿನ ದಿನಾಂಕವನ್ನು ಗಂಟಿನ ಸಂಖ್ಯೆ, ಗಾತ್ರ ನೋಡಿ ವೈದ್ಯರೇ ಹೇಳಬೇಕು, ಅದನ್ನು ಕೇಳಿ ಬರೆದುಕೊಳ್ಳಿ. 75 ದಾಟಿದವರು ಕೇಳಿಕೊಂಡು ಬಂದರೆ ಕಿಟ್ ಕೊಡುವ ಮೊದಲು ಅವರ ವೈದ್ಯರ ಹತ್ತಿರ ಕಳಿಸಿ.