ಬಿಸಿಲೂರಿನಲ್ಲಿ ಕೆಮಿಕಲ್ ಪೀಲ್: ಮಾಡಿಸಿಕೊಳ್ಳುವುದು ಹೇಗೆ?

ನನ್ನ ತಂಗಿ ಮದುವೆಗೆ ಹತ್ತು ದಿನ ಇರುವಾಗ ವಿಜಯಪುರದ ಪಾರ್ಲರ್ ಒಂದರಲ್ಲಿ ಪೀಲ್ ಮಾಡಿಸಿಕೊಂಡಳು. ಏಪ್ರಿಲ್ ತಿಂಗಳು. ಮರುದಿನವೇ ಸ್ಕೂಟಿ ಏರಿ ಲಗ್ನಪತ್ರಿಕೆ ಹಂಚಲು ಹೊರಟಳು. ಅರಿಶಿನದ ಹೊತ್ತಿಗೆ ಎರಡೂ ಕೆನ್ನೆ ಮೇಲೆ ಸುಟ್ಟಂತೆ ಕಪ್ಪು ಪಟ್ಟಿ. ಅದು ತಿಳಿಯಾಗಲು ಎಂಟು ತಿಂಗಳು ಬೇಕಾಯಿತು. ಪೀಲ್ ಕೆಟ್ಟದ್ದಲ್ಲ. ಅದಕ್ಕೂ ಮುಂಚೆ, ಅದರ ನಂತರ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಪೀಲ್ ಎಂದರೆ ಮುಖಕ್ಕೆ ಆಸಿಡ್ ಹಚ್ಚುವುದು. ಚರ್ಮದ ಮೇಲ್ಪದರದ ಸತ್ತ ಕಣಗಳನ್ನು ಅದು ಸಡಿಲ ಮಾಡುತ್ತದೆ. ಅವು ಉದುರಿ ಹೊಸ ಪದರ ಬರುತ್ತದೆ. ಮೊಡವೆ, ಅದರ ಕಪ್ಪು ಕಲೆ, ಬಂಗು ಇವಕ್ಕೆ ಇದರಿಂದ ಉಪಯೋಗವಿದೆ. ಹುಟ್ಟಿನ ಬಣ್ಣ ಬದಲಾಗುವುದಿಲ್ಲ. ಮೊಡವೆ ಬಿಟ್ಟ ಆಳವಾದ ಗುಂಡಿಗಳಿಗೂ ಇದೊಂದೇ ಸಾಲದು.

ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಹೋಗುವಾಗ ಈಗ ಹಚ್ಚುತ್ತಿರುವ ಕ್ರೀಮಿನ ಟ್ಯೂಬನ್ನೂ ಒಯ್ಯಿರಿ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಂಡ ‘ಬೆಳ್ಳಗಾಗುವ’ ಕ್ರೀಮುಗಳಲ್ಲಿ ಎಷ್ಟೋ ಸಲ ಬೆಟಾಮೆಥಾಸೋನ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಅದರಿಂದ ತೆಳುವಾದ ಚರ್ಮಕ್ಕೆ ಆಸಿಡ್ ತಾಗಿದರೆ ಏನಾದೀತು, ನೀವೇ ಯೋಚಿಸಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಂಡಿದ್ದರೆ, ತುಟಿ ಮೇಲೆ ಆಗಾಗ ಹರ್ಪಿಸ್ ಗುಳ್ಳೆ ಏಳುತ್ತಿದ್ದರೆ, ಗಾಯ ಮಾಗಿದ ಮೇಲೆ ಗಂಟು ಕಟ್ಟುವ ಚರ್ಮವಿದ್ದರೆ, ಬಸುರಿಯಾಗಿದ್ದರೆ ಮುಚ್ಚಿಡದೆ ಹೇಳಿ.

ಆಮೇಲೆ ಎರಡರಿಂದ ನಾಲ್ಕು ವಾರ ತಯಾರಿ. ದಿನಾ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ನಮ್ಮ ಗೋಧಿ, ಕಪ್ಪು ಬಣ್ಣದ ಚರ್ಮ ಸ್ವಲ್ಪ ಕೆರಳಿದರೂ ಕಪ್ಪು ಕಲೆ ಬಿಡುತ್ತದೆ. ಅದಕ್ಕೇ ಈ ತಯಾರಿ. ಪೀಲ್‌ಗೆ ಒಂದು ವಾರ ಮುಂಚಿನಿಂದ ಮುಖಕ್ಕೆ ಬ್ಲೀಚ್, ವ್ಯಾಕ್ಸ್, ಥ್ರೆಡಿಂಗ್ ಬೇಡ. ರೆಟಿನಾಲ್ ಇರುವ ಕ್ರೀಮ್ ಹಚ್ಚುತ್ತಿದ್ದರೆ ಅದನ್ನು ಯಾವಾಗ ನಿಲ್ಲಿಸಬೇಕೆಂದು ಡಾಕ್ಟರನ್ನೇ ಕೇಳಿ.

ಆ ದಿನದ ಕೆಲಸ ಅರ್ಧ ಗಂಟೆಯದು. ಮುಖದ ಜಿಡ್ಡು ತೆಗೆದು, ಕಣ್ಣಂಚು, ಮೂಗಿನ ಬದಿ, ತುಟಿಗೆ ವ್ಯಾಸಲಿನ್ ಹಚ್ಚುತ್ತಾರೆ. ಹಣೆಯಿಂದ ಶುರು ಮಾಡಿ ಬ್ರಷ್‌ನಲ್ಲಿ ಆಸಿಡ್ ಎಳೆಯುತ್ತಾರೆ. ಮೆಣಸಿನಕಾಯಿ ಹೆಚ್ಚಿದ ಕೈ ಮುಟ್ಟಿದಂತೆ ಚುರುಗುಟ್ಟುತ್ತದೆ. ಫ್ಯಾನ್ ಗಾಳಿ ಬಿದ್ದರೆ ಹಿತ. ಗ್ಲೈಕಾಲಿಕ್ ಆಸಿಡ್ ಆದರೆ ಗಡಿಯಾರ ನೋಡುತ್ತಾ, ಚರ್ಮ ಕೆಂಪಾಗುವುದನ್ನು ಗಮನಿಸುತ್ತಾ, ಸರಿಯಾದ ಹೊತ್ತಿಗೆ ಸೋಡಾ ದ್ರಾವಣದಿಂದ ಅದನ್ನು ನಿಲ್ಲಿಸಬೇಕು. ಸ್ಯಾಲಿಸಿಲಿಕ್ ಆಸಿಡ್ ತಾನೇ ನಿಲ್ಲುತ್ತದೆ, ಮುಖದ ಮೇಲೆ ಉಪ್ಪಿನ ಪುಡಿಯಂಥ ಬಿಳಿ ಪದರ ಉಳಿಯುತ್ತದೆ. ಉರಿ ತಡೆಯಲಾಗದಿದ್ದರೆ ಸುಮ್ನೆ ಹಲ್ಲು ಕಚ್ಚಿ ಕೂರಬೇಡಿ, ಕೂಡಲೇ ಹೇಳಿ.

ಮುಂದಿನ ಒಂದು ವಾರವೇ ನಿಜವಾದ ಪರೀಕ್ಷೆ. ಮೂರನೇ ದಿನದ ಸುಮಾರಿಗೆ ಸಿಪ್ಪೆ ಏಳುತ್ತದೆ. ಕೀಳಬೇಡಿ, ತಾನಾಗಿ ಬೀಳಲಿ. ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಸಾಕು. ಅರಿಶಿನ, ಕಡಲೆಹಿಟ್ಟು, ಸ್ಕ್ರಬ್ ಯಾವುದೂ ಬೇಡ. ಹೊರಗೆ ಹೋಗಲೇಬೇಕಾದರೆ ಸನ್‌ಸ್ಕ್ರೀನ್ ಜೊತೆಗೆ ಸೆರಗು, ಕೊಡೆ ಎರಡೂ ಇರಲಿ. ಗುಳ್ಳೆ, ಕೀವು ಕಂಡರೆ, ನೋವು ಏರುತ್ತಾ ಹೋದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಒಂದೇ ಸಲಕ್ಕೆ ಕಲೆ ಹೋಗುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಸಾಮಾನ್ಯವಾಗಿ ನಾಲ್ಕರಿಂದ ಆರು ಸಲ ಬೇಕು. ನನ್ನನ್ನು ಕೇಳಿದರೆ ನಮ್ಮೂರಿಗೆ ದಸರೆಯಿಂದ ಸಂಕ್ರಾಂತಿವರೆಗೆ ಒಳ್ಳೇ ಕಾಲ. ಮದುವೆ ಇದ್ದರೆ ಕೊನೆಯ ಪೀಲ್ ಒಂದು ತಿಂಗಳು ಮುಂಚೆಯೇ ಮುಗಿದಿರಲಿ.

ಆನ್‌ಲೈನ್‌ನಲ್ಲಿ 30 ಪರ್ಸೆಂಟ್ ಆಸಿಡ್ ಬಾಟಲಿ ಸಿಗುತ್ತದೆಂದು ಮನೆಯಲ್ಲೇ ಹಚ್ಚಿಕೊಳ್ಳಬೇಡಿ. ನಿಂಬೆರಸವೂ ಬೇಡ. ನಮ್ಮ ಇಂಡಿ ನಿಂಬೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಅದರ ಶರಬತ್ತು ಕುಡಿಯಿರಿ. ಆದರೆ ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಬೊಬ್ಬೆ ಏಳಬಹುದು. ಅದು ಬಿಡುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ.