ಮೋಟರ್‌ಹೋಮ್ ಡೀಸೆಲ್ ಕಾಟಾ ನಂಬೋದು ಬಿಟ್ಟೀನಿ: ನನ್ನ ಅನುಭವ

ನಮ್ಮ ಮೋಟರ್‌ಹೋಮ್‌ನಾಗ, ಅಂದ್ರ ಒಳಗೇ ಮಲಗಿ ಇರೋ ಮನಿಯಂಥಾ ಗಾಡ್ಯಾಗ, ಡೀಸೆಲ್ ಎಷ್ಟದ ಅಂತ ತೋರ್ಸೋ ಕಾಟಾ ಅರ್ಧದ ತನಕ ಆರಾಮ ಇಳೀತದ, ಆಮ್ಯಾಲ ಕಲಬುರಗಿ ಬಿಟ್ಟು ಕಮಲಾಪುರ ದಾಟೋದ್ರಾಗ ಧಡಾ ಧಡಾ ಕೆಳಗ. ಗಾಡಿ ಕುಡೀಲಿಕತ್ತದ ಅಂತ ಅಲ್ರೀ, ಟ್ಯಾಂಕ್ ಮ್ಯಾಲ ಅಗಲ ಕೆಳಗ ಸಣ್ಣದ, ಒಳಗ ಡೀಸೆಲ್ ಮ್ಯಾಲ ತೇಲಿ ಮಟ್ಟ ತೋರ್ಸೋ ಫ್ಲೋಟಿಗಿ ಅದು ಗೊತ್ತಾಗಂಗಿಲ್ಲ, ಏರು ಇಳುಕಲಿನಾಗಂತೂ ಕಾಟಾ ಡ್ಯಾನ್ಸೇ ಮಾಡ್ತದ.

ಈಗ ಹಿಂಗ ಮಾಡ್ತೀನಿ. ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಝೀರೋ, ಮುಂದಿನ ಸಲ ಮತ್ತ ಫುಲ್ ಮಾಡಿಸಿದಾಗ ಓಡಿದ ಕಿಲೋಮೀಟರ್‌ನ ಹಾಕಿದ ಲೀಟರ್‌ನಿಂದ ಭಾಗಿಸೋದು, ಅದೇ ಖರೇ ಮೈಲೇಜ್. ನಮ್ಮದು 9 ಬರ್ತದ. 70 ಲೀಟರ್ ಟ್ಯಾಂಕಿನಾಗ 15 ಲೀಟರ್ ಆಪತ್ತಿಗಿ ಬಿಟ್ಟು, ಇಲ್ಲೇ ಇಲ್ಲ ಅಂತ ತಿಳ್ಕೋರಿ, ಉಳಿದಿದ್ದು 55, ಅಂದ್ರ 495 ಕಿಲೋಮೀಟರ್. ನಾ 400ಕ್ಕೇ ಬಂಕಿಗಿ ಹೋಗ್ತೀನಿ, ಯಾಕಂದ್ರ ನಮ್ಮ ಕಡಿ ಬ್ಯಾಸಗ್ಯಾಗ ಗಾಡಿ ನಿಲ್ಲಿಸಿ ಇಂಜಿನ್ ಚಾಲೂ ಇಟ್ಟು ಎಸಿ ಹಾಕ್ಕೊಂಡು ಮಲಗಿದ್ರ ಡೀಸೆಲ್ ಹೋಗ್ತದ, ಮೀಟರ್ ಮಾತ್ರ ಓಡಂಗಿಲ್ಲ!

ಇಷ್ಟ್ಯಾಕ ಅಂಜಬೇಕು ಅಂದ್ರ, ಡೀಸೆಲ್ ಪೂರಾ ಮುಗದ್ರ ಲೈನ್‌ನಾಗ ಗಾಳಿ ಹೊಗ್ತದ, ಕ್ಯಾನ್‌ನಾಗ ತಂದು ಸುರುವಿದ್ರೂ ಭಾಳ ಗಾಡಿ ಲಗೂ ಸ್ಟಾರ್ಟ್ ಆಗಂಗಿಲ್ಲ, ಫಿಲ್ಟರ್ ಹತ್ರ ಹ್ಯಾಂಡ್ ಪಂಪ್ ಇದ್ರ ಒತ್ತಿ ಒತ್ತಿ ಗಾಳಿ ತೆಗೀಬೇಕು. ಕಾಮನ್ ರೈಲ್ ಗಾಡಿ (ಒಂದೇ ಪೈಪಿನಾಗ ಭಾಳ ಪ್ರೆಶರ್‌ಲೆ ಡೀಸೆಲ್ ತುಂಬಿ ಎಲ್ಲಾ ಸಿಲಿಂಡರಿಗಿ ಕೊಡೋ ಇಂಜಿನ್) ಇದ್ರಂತೂ ಹೈ ಪ್ರೆಶರ್ ಪಂಪ್ ಸವೀಲಾರ್ದಂಗ ಜಾರಸೋ ಎಣ್ಣೀನೂ ಡೀಸೆಲ್ಲೇ, ಒಣಾ ತಿರುಗಿದ್ರ ಪಂಪೇ ಹಾಳಾಗಬಹುದು, ಖರ್ಚು ಕೇಳಬ್ಯಾಡ್ರಿ.

ಬೀದರ್ ಕಡಿ ಹೊಂಟ್ರ ಹುಮನಾಬಾದ್‌ನಾಗ ಹೈದರಾಬಾದ್ ಹೈವೇ ಸಿಗ್ತದ, ನಾ ಅಲ್ಲೇ ತುಂಬಸ್ತೀನಿ.